ಆಂಟೆನಾ ಎಣಿಸಬೇಡಿ, ಪೋರ್ಟ್ ನೋಡಿ

ನಮಸ್ಕಾರ ಎಲ್ಲರಿಗೂ. ಹೋದ ವಾರದ ವಿಡಿಯೋದಲ್ಲಿ ಮನೆಗೆ ವೈ-ಫೈ ರೌಟರ್ ಬೇಕಾದರೆ ಆರ್ಚರ್ ಸಿ6 ತಗೊಳ್ಳಿ ಅಂದಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಗುರು, ಆರ್ಚರ್ ಸಿ20, ಆರ್ಚರ್ ಸಿ6 ಎರಡೂ ಟಿಪಿ-ಲಿಂಕ್‌ದೇ. ಎರಡರಲ್ಲೂ 5 ಗಿಗಾಹರ್ಟ್ಸ್ ವೈ-ಫೈ ಇದೆ. ಸುಮ್ನೆ ಜಾಸ್ತಿ ದುಡ್ಡು ಯಾಕೆ ಹಾಕಿಸ್ತೀಯ?" ಇದಕ್ಕೆ ಲೈಕ್ ಬೇರೆ! ಅದಕ್ಕೇ ಇವತ್ತು ಕೂತಿದ್ದೇನೆ.

ಎರಡೂ ಒಂದೇ ಅಲ್ಲ. ರೌಟರ್ ತಿರುಗಿಸಿ, ಕೇಬಲ್ ಚುಚ್ಚುವ ಜಾಗ ನೋಡಿ. ಸಿ20ರ ಪೋರ್ಟ್ 10/100. ಅಂದರೆ 100 ಎಂಬಿಪಿಎಸ್ (ನೆಟ್ ಸ್ಪೀಡಿನ ಅಳತೆ) ದಾಟಿ ಒಂದು ಹನಿಯೂ ಒಳಗೆ ಬರುವುದಿಲ್ಲ. ಸಿ6ರದು ಗಿಗಾಬಿಟ್ ಪೋರ್ಟ್, 1000. ನೀವು 200 ಎಂಬಿಪಿಎಸ್ ಪ್ಲಾನ್ ಹಾಕಿಸಿ ಸಿ20 ಇಟ್ಟುಕೊಂಡರೆ ತಿಂಗಳು ತಿಂಗಳೂ ಅರ್ಧ ದುಡ್ಡು ಬಾಗಿಲಲ್ಲೇ ಉಳಿಯುತ್ತದೆ.

ದಾವಣಗೆರೆಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಇದೇ ಆಗಿದ್ದು. 200ರ ಪ್ಲಾನ್, ಹಳೇ ರೌಟರ್. ಸ್ಪೀಡ್ ಟೆಸ್ಟ್ ಮಾಡಿದರೆ 94, 93, ಮತ್ತೆ 94. ರೌಟರ್ ಪಕ್ಕದಲ್ಲೇ ನಿಂತರೂ ಅಷ್ಟೇ. ಭಾವ ಲೈನ್ ಹುಡುಗನನ್ನು ಮೂರು ಸಲ ಕರೆಸಿ ಬೈದಿದ್ದರು. ಪಾಪ ಆ ಹುಡುಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸ್ಪೀಡ್ ಹೀಗೆ 95ರ ಹತ್ತಿರ ಬಂದು ಕಟ್ಟಿಹಾಕಿದ ಹಾಗೆ ನಿಂತರೆ ಮೊದಲು ಪೋರ್ಟ್ ನೋಡಿ. ಆಮೇಲೆ ಕೇಬಲ್. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಸರಿಯಾಗಿ ಕೂತಿರಬೇಕು, ನಾಲ್ಕೇ ಕೂತಿದ್ದರೆ ಮತ್ತೆ 100ಕ್ಕೆ ಇಳಿಯುತ್ತದೆ.

ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ. ಇದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಬೇಕು ಅಂತಲೇ ಈ ಚಾನೆಲ್ ಮಾಡಿದ್ದು.

"ಸಿ20 ಡಬ್ಬಿ ಮೇಲೆ ಎಸಿ750 ಅಂತ ಇದೆಯಲ್ಲ?" ಇದೆ. ಅದು 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 433 ಕೂಡಿಸಿ, ಮೇಲೆ ಇನ್ನಷ್ಟು ಸೇರಿಸಿ ಹಾಕಿದ ಲೆಕ್ಕ. ಸಿ6ರ ಎಸಿ1200 ಕೂಡ ಹಾಗೇ, 300 ಮತ್ತು 867. ಗಾಳಿಯಲ್ಲಿ 433 ಓಡಿದರೂ ಹೊರಗಿಂದ ಬರುವುದು 100 ತಾನೇ? ಪೋರ್ಟ್ ನೋಡಿ ಸ್ವಾಮಿ!

"ಮೂರು ಆಂಟೆನಾ ಇದೆ." ಮೂವತ್ತು ಇರಲಿ! ಬಾವಿಗೆ ನೀರೇ ಬರದಿದ್ದರೆ ಕೊಡ ಎಷ್ಟಿದ್ದರೇನು?

"ನನ್ನದು 50ರ ಪ್ಲಾನ್." ಇವತ್ತು 50. ನಾಳೆ ಮನೆಗೆ ಇನ್ನೊಂದು ಟಿವಿ ಬರುತ್ತದೆ, ಮಗಳಿಗೆ ವರ್ಕ್ ಫ್ರಮ್ ಹೋಮ್ ಆಗುತ್ತದೆ, ಪ್ಲಾನ್ ಏರುತ್ತದೆ. ಆಗ ಮತ್ತೊಂದು ರೌಟರ್ ತರುತ್ತೀರಾ? ಎರಡು ಸಲ ದುಡ್ಡು ಹಾಕೋದು ಉಳಿತಾಯನಾ?

"ವೈ-ಫೈ 6, ಅದೇ ಇನ್ನೂ ಹೊಸ ತಲೆಮಾರಿನ ವೈ-ಫೈ ರೌಟರ್ ತಗೊಂಡರೆ?" ತಗೊಳ್ಳಿ. ಅದನ್ನೂ ತಿರುಗಿಸಿ. ಪೋರ್ಟ್!

ನನ್ನ ಮಾತು ಸಿ6. ಬದಲಾಯಿಸಲ್ಲ. ಈಗ ಎದ್ದು ನಿಮ್ಮ ರೌಟರ್ ಯಾವುದು ಅಂತ ನೋಡಿ, ಪೋರ್ಟ್ 100ರದಾ 1000ದ್ದಾ ಅಂತ ಕಾಮೆಂಟ್ ಹಾಕಿ. ಒಂದೂ ಬಿಡದೆ ಓದುತ್ತೇನೆ. ಬೆಲ್ ಒತ್ತಿ. ಭಾವ, ನೀವೂ ಒತ್ತಿ.