ಅಕ್ಕನ ಮಾತಿನಲ್ಲೇ ಕೇಳಿ

ಕೇಳುಗರಿಗೆ ನಮಸ್ಕಾರ. ಯಲ್ಲಾಪುರದ ಸಿದ್ದಿ ಹೆಂಗಸರು, ಮುಂಡಗೋಡದ ಟಿಬೆಟನ್ ಅಕ್ಕಂದಿರು, ಭಟ್ಕಳದ ನವಾಯತ ಮುಸ್ಲಿಂ ಮನೆಯವರು ಸ್ತನ ಕ್ಯಾನ್ಸರ್ ತಪಾಸಣೆಗೆ ಯಾಕೆ ಬರೋದಿಲ್ಲ ಅಂತ ಎಲ್ಲ ಮೀಟಿಂಗಿನಲ್ಲೂ ಕೇಳುತ್ತಾರೆ. ಅವರ ಮಾತಿನಲ್ಲಿ ನಾವು ಕರೆದೇ ಇಲ್ಲ, ಅಲ್ವಾ? ಇವತ್ತು ನಾನು ಹೇಳೋದು ಇದೊಂದನ್ನೇ.

ಯಲ್ಲಾಪುರದ ಕಡೆ ಕಾಡಿನೊಳಗೆ ಒಂದು ಸಿದ್ದಿ ಕೇರಿ. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಕ್ಯಾಂಪ್ ಇಟ್ಟಿದ್ದರು. ಅಡಿಕೆ ಸುಲಿಯೋ ಕಾಲ, ಬಂದರೆ ಕೂಲಿ ಹೋಗುತ್ತದೆ, ಆದರೂ ಏಳೆಂಟು ಜನ ಬಂದರು. ಅವರಲ್ಲಿ ಒಬ್ಬ ಅಕ್ಕ, ಐವತ್ತು ದಾಟಿರಬಹುದು. ಟೇಬಲ್ಲಿನ ಹಿಂದೆ ಕೂತವರು "ಎದೆಯಲ್ಲಿ ನೋವಿದೆಯಾ?" ಅಂತ ಕನ್ನಡದಲ್ಲಿ ಕೇಳಿದರು. ಅಕ್ಕ ಇಲ್ಲ ಅಂತ ತಲೆಯಾಡಿಸಿದರು. ಸರಿ, ಹೋಗಿ ಅಂದರು. ಯಾರೂ ಮುಟ್ಟಿ ನೋಡಲಿಲ್ಲ. ನಾನೂ ಅಲ್ಲೇ ಬಿಪಿ ನೋಡುತ್ತಾ ಕೂತಿದ್ದೆ, ಆಗ ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಯಾಕೆಂದರೆ ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯೋದೇ ಇಲ್ಲ!

ಹದಿನೈದು ದಿನ ಬಿಟ್ಟು ರಾತ್ರಿ ಹೋದೆವು. ಈ ಸಲ ಅದೇ ಕೇರಿಯ ಒಬ್ಬ ತಂಗಿ ಜೊತೆಗಿದ್ದಳು. ಅವಳು ಅಡಿಕೆ ಸುಲಿಯುವವರ ನಡುವೆ ಕೂತು, ತಾನೂ ಸುಲಿಯುತ್ತಾ, ಅವರ ಕೊಂಕಣಿಯಲ್ಲೇ ಕೇಳಿದಳು: ಮೀಯುವಾಗ ಎದೆಯಲ್ಲಿ ಕೈಗೆ ಏನಾದರೂ ಸಿಗುತ್ತದಾ? ಆ ಅಕ್ಕ ರಾಶಿಯಿಂದ ಒಂದು ಅಡಿಕೆ ಎತ್ತಿ ತೋರಿಸಿದರು. ಇಷ್ಟು, ಅಂದರು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಈಗ ಆರಾಮಿದ್ದಾರೆ.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. 30 ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರದಲ್ಲಿ ಈ ಪರೀಕ್ಷೆ ಪುಕ್ಕಟೆ. ಮಷಿನ್ ಇಲ್ಲ, ಕೈಯಲ್ಲೇ ನೋಡುತ್ತಾರೆ, ಕೆಲವೇ ನಿಮಿಷ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಇದನ್ನು ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಕೈಯಲ್ಲಿ ನೋಡಿದರೆ ಏನು ಗೊತ್ತಾಗುತ್ತದೆ ಅನ್ನಬೇಡಿ. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ, ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದರು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ನೋಡಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30 ಇಳಿಯಿತು.

ಆಶಾ ತಂಗಿಯರೇ, ಮುಂಡಗೋಡಕ್ಕೆ ಟಿಬೆಟನ್ ಮಾತು ಬಲ್ಲವರನ್ನು, ಭಟ್ಕಳಕ್ಕೆ ನವಾಯತಿ ಬಲ್ಲ ಹೆಂಗಸನ್ನೇ ಕರೆದುಕೊಂಡು ಹೋಗಿ. ಕೂಲಿ ಮುಗಿದ ಮೇಲೆ ಹೋಗಿ. ನೋವಿದೆಯಾ ಅಂತ ಮಾತ್ರ ಕೇಳಬೇಡಿ, ಕೈಗೆ ಏನು ಸಿಗುತ್ತದೆ ಅಂತ ಅವರ ಮಾತಿನಲ್ಲೇ ಕೇಳಿ.