ಹುಟ್ಟಿದ ಹೊತ್ತಿನಲ್ಲಿ ಹೃದಯದ ದಾರಿಗಳು

ಮುಂಬಯಿಯ ಕನ್ನಡ ಶ್ರೋತೃಗಳಿಗೆ ನಮಸ್ಕಾರ. ಬಾಣಂತನಕ್ಕೆಂದು ಊರಿನಿಂದ ಡೊಂಬಿವಲಿಗೋ ಮುಲುಂಡಿಗೋ ಬಂದ ಅಜ್ಜಿಯರು, ಮೊಮ್ಮಗುವಿನ ಹೃದಯದಲ್ಲಿ ತೂತಿದೆ ಎಂಬ ಮಾತು ಕಿವಿಗೆ ಬಿದ್ದೊಡನೆ ಗಾಬರಿಯಾಗುವುದು ಸಹಜ. ಆದರೆ ಗರ್ಭದಲ್ಲಿದ್ದಾಗ ನಮ್ಮೆಲ್ಲರ ಹೃದಯದಲ್ಲಿಯೂ ಅಂಥದೊಂದು ತೂತು ಇತ್ತು.

ಗರ್ಭದಲ್ಲಿ ಶಿಶುವಿನ ಶ್ವಾಸಕೋಶಗಳು ದ್ರವದಿಂದ ತುಂಬಿರುತ್ತವೆ. ಆಮ್ಲಜನಕ ದೊರೆಯುವುದು ಮಾಸಿನಿಂದ. ಹೊಕ್ಕುಳಬಳ್ಳಿಯ ಅಭಿಧಮನಿಯಲ್ಲಿ ಬರುವ ಆ ರಕ್ತದ ಬಹುಪಾಲು, ಹೃದಯದ ಬಲ ಮೇಲುಕೋಣೆಯಾದ ಬಲ ಹೃತ್ಕರ್ಣವನ್ನು ತಲುಪಿ, ಫೊರಾಮೆನ್ ಓವೇಲ್ ಎಂಬ ರಂಧ್ರದ ಮೂಲಕ ಎಡಕ್ಕೆ ದಾಟಿ, ಮೊದಲು ಮಿದುಳಿಗೂ ಹೃದಯದ ಸ್ನಾಯುವಿಗೂ ಒದಗುತ್ತದೆ. ಉತ್ತಮವಾದುದನ್ನು ಮಿದುಳಿಗೇ ಮೊದಲು ಕೊಡುವ ಈ ಏರ್ಪಾಡು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕೆಳಕೋಣೆಯಾದ ಬಲ ಹೃತ್ಕುಕ್ಷಿಯಿಂದ ಹೊರಟ ರಕ್ತವಾದರೋ, ಶ್ವಾಸಕೋಶದ ಬಿಗಿದ ನಾಳಗಳನ್ನು ಬಿಟ್ಟು, ಡಕ್ಟಸ್ ಆರ್ಟೀರಿಯೋಸಸ್ ಎಂಬ ಅಡ್ಡನಾಳದಿಂದ, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೆ ಸೇರುತ್ತದೆ.

ಮಗು ಉಸಿರೆಳೆದು ಅತ್ತಾಗ ಶ್ವಾಸಕೋಶಗಳು ಅರಳಿ, ಅವುಗಳ ನಾಳಗಳು ಸಡಿಲಗೊಂಡು, ಅಲ್ಲಿಂದ ಎಡ ಹೃತ್ಕರ್ಣಕ್ಕೆ ರಕ್ತ ಧಾರಾಳವಾಗಿ ಮರಳುತ್ತದೆ. ಹೊಕ್ಕುಳಬಳ್ಳಿಯನ್ನು ಕಟ್ಟಿದ ಮೇಲೆ ಬಲಗಡೆಯ ಒತ್ತಡ ಇಳಿಯುತ್ತದೆ. ಆಗ ರಂಧ್ರದ ತೆಳುಪೊರೆ, ಒಂದೇ ಕಡೆಗೆ ತೆರೆಯುವ ಕದದಂತೆ, ಮುಚ್ಚಿಕೊಳ್ಳುತ್ತದೆ. ಅದು ಪೂರ್ತಿ ಬೆಸೆದುಕೊಳ್ಳಲು ತಿಂಗಳುಗಳು ಬೇಕು. ನಾಲ್ವರಲ್ಲಿ ಸುಮಾರು ಒಬ್ಬರಲ್ಲಿ ಎಂದೂ ಪೂರ್ತಿ ಬೆಸೆಯುವುದಿಲ್ಲ, ಹೆಚ್ಚಿನವರಿಗೆ ಅದರಿಂದ ತೊಂದರೆಯೂ ಇಲ್ಲ.

ಅಡ್ಡನಾಳದ ನಡೆ ಇಷ್ಟು ಅವಸರದ್ದಲ್ಲ. ರಕ್ತದಲ್ಲಿ ಆಮ್ಲಜನಕ ಏರಿ, ನಾಳವನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಇಳಿದಂತೆ ಅದು ಬಿಗಿಯುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ ಹರಿವು ನಿಲ್ಲುತ್ತದೆ. ಮೊದಲ ದಿನ ವೈದ್ಯರಿಗೆ ಎದೆಬಡಿತದ ಜೊತೆ ಸಣ್ಣ ಮರ್ಮರ, ಅಂದರೆ ಸುಯ್ಯೆನ್ನುವ ಸದ್ದು, ಕೇಳಿಸಿದರೆ ಅದು ಮುಚ್ಚುತ್ತಿರುವ ಈ ನಾಳದ್ದಿರಬಹುದು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ ಅದು ತೆರೆದೇ ಉಳಿದು, ಕೆಲವೊಮ್ಮೆ ಔಷಧಿ ಬೇಕಾಗುತ್ತದೆ.

ನಾನು ಹೆಚ್ಚು ಹೇಳಬೇಕೆಂದಿರುವುದು ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿರುವ ಕೆಲವು ಶಿಶುಗಳಿಗೆ ಈ ನಾಳವೇ ಜೀವಾಧಾರ. ಚೆನ್ನಾಗಿಯೇ ಕಾಣುತ್ತಿದ್ದ ಅಂಥ ಮಗು ಮನೆಗೆ ಬಂದ ಮೇಲೆ, ನಾಳ ಮುಚ್ಚುತ್ತಿದ್ದಂತೆ ನೀಲಿಗಟ್ಟಬಹುದು, ಇಲ್ಲವೇ ಹಾಲು ಬಿಟ್ಟು ಸೋತು ಬೀಳಬಹುದು. ಆದುದರಿಂದ ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೂ ಒಂದು ಪಾದಕ್ಕೂ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವ ಕ್ರಮವಿದೆ. ಬಲಗೈಯ ರಕ್ತನಾಳ ಅಡ್ಡನಾಳಕ್ಕಿಂತ ಮೊದಲೇ ಕವಲೊಡೆಯುವುದರಿಂದ, ಎರಡು ಅಳತೆಗಳ ಅಂತರ ದೋಷದ ಸುಳಿವು ಕೊಡುತ್ತದೆ. ಸೂಜಿಯಿಲ್ಲದ ಈ ಪರೀಕ್ಷೆ ಆಯಿತೇ ಎಂದು ಬಿಡುಗಡೆಗೆ ಮುನ್ನ ಕೇಳಿ. ದೋಷ ಗೊತ್ತಾದರೆ, ಶಸ್ತ್ರಚಿಕಿತ್ಸೆಯವರೆಗೆ ಪ್ರೊಸ್ಟಗ್ಲಾಂಡಿನ್ ಔಷಧಿಯನ್ನು ಡ್ರಿಪ್ ಮೂಲಕ ಕೊಟ್ಟು ನಾಳವನ್ನು ತೆರೆದಿಡಲು ಸಾಧ್ಯವಿದೆ.