ಕೊರಳಿಗೂ ಸೈ, ವ್ಯಾಪಾರಕ್ಕೂ ಸೈ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಮ್ಯೂನಿಕ್ ನಗರದ ಲುಯಿಟ್‌ಪೋಲ್ಡ್ ಪಾರ್ಕಿನಲ್ಲಿ ಮಣ್ಣಿನಡಿ ಲೋಹದ ಬಳೆಗಳ ರಾಶಿಯೇ ಸಿಕ್ಕಿತ್ತು. ಹತ್ತಿರಹತ್ತಿರ 500 ಬಳೆಗಳು, ಸುಮಾರು ನಾಲ್ಕು ಸಾವಿರ ವರ್ಷ ಹಳೆಯವು. ಬಳೆ ಅಂದೆ, ಆದರೆ ಇವು ಕೈಗಲ್ಲ, ಕೊರಳಿಗಾಗುವಷ್ಟು ದೊಡ್ಡವು. ದಪ್ಪ ಕಂಬಿಯನ್ನು ಬಾಗಿಸಿ, ಎರಡೂ ತುದಿ ತಟ್ಟಿ ಚಪ್ಪಟೆ ಮಾಡಿ, ಪುಟ್ಟ ಕುಣಿಕೆಯಂತೆ ಸುರುಳಿ ಸುತ್ತಿದ್ದಾರೆ. ದಾರ ಪೋಣಿಸಿ ಕಟ್ಟಿಕೊಳ್ಳಬಹುದು.

ಒಡವೆಯೇ ಅಲ್ವಾ? ಆದರೆ ಒಂದೇ ಗುಂಡಿಯಲ್ಲಿ ಇಷ್ಟೊಂದು ಯಾಕೆ?

ಇಂಥ ಕಡೆ ಪುರಾತತ್ವದವರು ಆಕಾರ ಬಿಟ್ಟು ಬೇರೆಯದನ್ನು, ಅಂದರೆ ಎಲ್ಲಿ ಸಿಕ್ಕಿತು, ಎಷ್ಟು ನಯ, ಎಷ್ಟು ತೂಕ ಅನ್ನುವುದನ್ನು ನೋಡುತ್ತಾರೆ. ಆಸ್ಟ್ರಿಯಾದ ಗೆಮೈನ್‌ಲೆಬಾರ್ನ್‌ನಂಥ ಹಳೆಯ ಸ್ಮಶಾನಗಳಲ್ಲಿ ಇದೇ ಬಗೆಯ ಬಳೆಗಳು ಹೆಣದ ಕೊರಳಲ್ಲೇ ಇದ್ದವು. ಅವನ್ನು ಉಜ್ಜಿ ನಯ ಮಾಡಿದ್ದರು. ಆ ಭಾಗದ ಎಷ್ಟೋ ಗೋರಿಗಳನ್ನು ಹಿಂದೆಯೇ ಯಾರೋ ಅಗೆದು ಒಡವೆ ಹೊತ್ತೊಯ್ದಿದ್ದಾರೆ. ಆದರೂ ಮೂಳೆಗೆ ಹತ್ತಿದ ತಾಮ್ರದ ಹಸಿರು ಕಲೆ ಹೋಗಿಲ್ಲ. ಒಡವೆ ಎಲ್ಲಿತ್ತು ಅಂತ ಆ ಕಲೆಯೇ ಹೇಳುತ್ತದೆ.

ರಾಶಿಯಲ್ಲಿ ಸಿಗುವ ಬಳೆಗಳೋ ಬಹುಪಾಲು ಒರಟು. ಸುತ್ತಿಗೆ ಏಟು ಹಾಗೇ ಇದೆ. ತಾಮ್ರಕ್ಕೆ ತವರ ಬೆರೆತರೆ ಕಂಚು, ಆದರೆ ಎಷ್ಟೋ ಬಳೆಗಳಲ್ಲಿ ತವರವೇ ಇಲ್ಲ ಅನ್ನಬೇಕು. ಕಂಚಿನ ಯುಗದವಾದರೂ ಬರೀ ತಾಮ್ರ!

2021ರಲ್ಲಿ ಮೈಕೆಲ್ ಕೈಪರ್ಸ್ ಮತ್ತು ಕ್ಯಾಟಲಿನ್ ಪೋಪಾ ಎಂಬ ಸಂಶೋಧಕರು ಮಧ್ಯ ಯುರೋಪಿನ ಇಂಥ ಬಳೆ, ಲೋಹದ ಪಟ್ಟಿ, ಕೊಡಲಿಗಳ ತೂಕ ಹೋಲಿಸಿದರು. ಒಟ್ಟು 5,000ಕ್ಕೂ ಹೆಚ್ಚು ವಸ್ತುಗಳು. ಬಳೆಗಳಲ್ಲಿ ಸುಮಾರು 70 ಶೇಕಡಾ 195 ಗ್ರಾಂ ಆಸುಪಾಸಿನವು. ಎರಡು ಕೈಯಲ್ಲಿ ಎರಡು ಹಿಡಿದರೆ ವ್ಯತ್ಯಾಸ ಗೊತ್ತಾಗದು. ತಕ್ಕಡಿ ಇಲ್ಲದ ಕಾಲಕ್ಕೆ ಅಷ್ಟು ಸಾಕಿತ್ತು, ಇದು ಆಗಿನ ಹಣ ಅನ್ನುವುದು ಅವರ ವಾದ. ನಮ್ಮಲ್ಲಿ ಕಾಸನ್ನೇ ಪೋಣಿಸಿ ಸರ ಮಾಡಿಕೊಂಡರು. ಅಲ್ಲಿ ಸರವೇ ಕಾಸಾಯಿತೇನೋ.

ಎಲ್ಲರೂ ಇದನ್ನು ಒಪ್ಪುವುದಿಲ್ಲ. ಒಂದೇ ಅಳತೆಯ ಕಂಬಿ ಎರಕ ಹೊಯ್ದರೆ ತೂಕ ತಾನಾಗಿ ಹತ್ತಿರ ಬರುತ್ತದೆ, ಅದಕ್ಕೆ ಹಣದ ಲೆಕ್ಕ ಯಾಕೆ ಅನ್ನಬಹುದು. ಹಣವೇ ಆಗಿದ್ದರೆ ಹೂತವರು ವಾಪಸ್ ತೆಗೆಯಲಿಲ್ಲ ಯಾಕೆ? ಇದು ದೇವರಿಗೆ ಬಿಟ್ಟ ಹರಕೆ ಅನ್ನುವವರೂ ಇದ್ದಾರೆ. ನನಗಂತೂ ಹಣ, ಹರಕೆ ಇವೆರಡಕ್ಕೂ ಜಗಳ ಕಾಣುವುದಿಲ್ಲ. ದೇವರಿಗೆ ಕೊಡುವಾಗಲೂ ಬೆಲೆ ಬಾಳುವುದನ್ನೇ ತಾನೇ ಕೊಡುವುದು?

ನಮಸ್ಕಾರ.